ಕೋಕೋಪೀಟಿನ ಹರಿವೆಗೆ ಗೊಬ್ಬರ ನೀರು: ಮೈಕ್ರೋಗ್ರೀನ್ ಸ್ಟ್ಯಾಂಡ್ ಕಟ್ಟಿದ ವಿವರ

ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆಯ ಹಿಂಜಗಲಿಯಲ್ಲಿ ಬೆಳೆಯುವ, ಮೊಳಕೆಯಲ್ಲೇ ಕತ್ತರಿಸಿ ತಿನ್ನುವ ಎಳೆ ಸೊಪ್ಪಾದ ಮೈಕ್ರೋಗ್ರೀನ್‌ಗಳಲ್ಲಿ ಸಾಸಿವೆ, ಮೂಲಂಗಿ, ಸೂರ್ಯಕಾಂತಿ ಯಾವತ್ತೂ ತೊಂದರೆ ಕೊಟ್ಟದ್ದಿಲ್ಲ. ಬಾವಿ ನೀರು ಕುಡಿಸಿದರೆ ಸಾಕು, ವಾರ ಹತ್ತು ದಿನದಲ್ಲಿ ಕತ್ತರಿಗೆ ಬರುತ್ತವೆ. ತಕರಾರು ಕೆಂಪು ಹರಿವೆಯದ್ದು. ಮೊಳಕೆ ಒತ್ತೊತ್ತಾಗಿ ಬರುತ್ತದೆ, ಬೀಜದೆಲೆ ಬಿಚ್ಚುತ್ತದೆ, ಆಮೇಲೆ ಅಲ್ಲಿಗೇ ನಿಂತುಬಿಡುತ್ತದೆ. ದಂಟಿನ ಕೆಂಪು ಮಾಸುತ್ತದೆ, ಬೀಜದೆಲೆಗಳಿಗೆ ಹಳದಿ ಹತ್ತುತ್ತದೆ, ಮೊದಲ ನಿಜವಾದ ಎಲೆ ಸಾಸಿವೆ ಕಾಳಿನಷ್ಟಾಗಿ ಅಲ್ಲೇ ಕೂತಿರುತ್ತದೆ. ಮಂಗಳೂರಿನ ಹೋಟೆಲಿನವರು ಹರಿವೆ ಕೇಳುವುದೇ ಬಣ್ಣಕ್ಕಾಗಿ. ಬಣ್ಣ ಇಲ್ಲದ ಹರಿವೆಯನ್ನು ತೆಗೆದುಕೊಂಡು ಹೋಗಿ ಯಾರಿಗೆ ಕೊಡುವುದು?

ಕಾರಣ ಬೀಜದ ಗಾತ್ರದಲ್ಲೇ ಇದೆ. ಪ್ರತಿ ಬೀಜವೂ ಹೊರಡುವಾಗ ದಾರಿಗೆ ಬೇಕಾದ ಬುತ್ತಿ ಕಟ್ಟಿಕೊಂಡೇ ಹೊರಡುತ್ತದೆ. ಸೂರ್ಯಕಾಂತಿಯ 1000 ಬೀಜ ತೂಗಿದರೆ ಸುಮಾರು 50 ಗ್ರಾಂ ಬರುತ್ತದೆ, ಸಾಸಿವೆಯದ್ದು ಕೆಲವೇ ಗ್ರಾಂ, ಹರಿವೆಯ 1000 ಬೀಜ ಒಂದು ಗ್ರಾಂ ಕೂಡ ತೂಗುವುದಿಲ್ಲ. ಸೂರ್ಯಕಾಂತಿ ಕಟಾವಿನವರೆಗೂ ತನ್ನ ಬುತ್ತಿಯಲ್ಲೇ ಕಾಲ ಕಳೆಯುತ್ತದೆ. ಸಾಸಿವೆಯದ್ದು ಮುಗಿಯುವಷ್ಟರಲ್ಲಿ ನಾವು ಕತ್ತರಿಸಿಯಾಗಿರುತ್ತದೆ. ಹರಿವೆಗೆ ಮಾತ್ರ ಬೀಜದೆಲೆ ಬಿಚ್ಚುವ ಹೊತ್ತಿಗೇ ಬುತ್ತಿ ಖಾಲಿ, ಕಟಾವಿಗೆ ಇನ್ನೂ ವಾರಕ್ಕಿಂತ ಹೆಚ್ಚು ಬಾಕಿ. ‘ಮೈಕ್ರೋಗ್ರೀನ್‌ಗೆ ಗೊಬ್ಬರ ಬೇಡ’ ಎಂದು ಹೇಳುವವರು ಸಾಸಿವೆ, ಮೂಲಂಗಿ ಬೆಳೆದವರು. ‘ಬೇಕೇ ಬೇಕು’ ಎನ್ನುವವರು ಹರಿವೆ, ಬೀಟ್‌ರೂಟ್, ಕಾಮಕಸ್ತೂರಿ ಬೆಳೆದವರು. ಇಬ್ಬರು ಹೇಳುವುದೂ ಸರಿಯೇ.

ನಮ್ಮ ನೀರು, ನಮ್ಮ ಕೋಕೋಪೀಟ್

ತೆಂಗಿನ ಊರು ನಮ್ಮದು. 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಇವತ್ತು ಕೂಡ್ಲಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ಹಾಗಾಗಿ ಟ್ರೇಗೆ ಮಣ್ಣಿನ ಬದಲು ತೆಂಗಿನ ಸಿಪ್ಪೆಯ ಹುಡಿಯಾದ ಕೋಕೋಪೀಟ್ ಹಾಕುವುದು ನಮಗೆ ಸಹಜ. ಹಗುರ, ಶುದ್ಧ, ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ಸಿಗುವ ಸಾರಜನಕ ಇಲ್ಲವೆಂದೇ ಹೇಳಬೇಕು. ಇರುವುದು ಪೊಟ್ಯಾಶ್ ಮತ್ತು ಸೋಡಿಯಂ. ಸಿಪ್ಪೆಯನ್ನು ಉಪ್ಪು ನೀರಿನ ಹಿನ್ನೀರಲ್ಲಿ ಕೊಳೆಸಿದ್ದಾದರೆ ಸೋಡಿಯಂ ಇನ್ನೂ ಹೆಚ್ಚು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಕೋಕೋಪೀಟ್ ತನ್ನಲ್ಲಿರುವ ಪೊಟ್ಯಾಶ್, ಸೋಡಿಯಂಗಳನ್ನು ಬಿಟ್ಟುಕೊಟ್ಟು, ಆ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ನಾವು ಗಿಡಕ್ಕೆಂದು ಕೊಟ್ಟ ಕ್ಯಾಲ್ಸಿಯಂನಲ್ಲಿ ಮೊದಲ ಪಾಲು ಕೋಕೋಪೀಟಿಗೇ ಹೋಗುತ್ತದೆ.

ನೀರಿನ ಕಥೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಮುರಕಲ್ಲಿನ ಗುಡ್ಡದಿಂದ ಬರುವ ನಮ್ಮ ಬಾವಿ ನೀರು, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಎರಡೂ ತುಂಬಾ ಮೆದು. ಪಿಎಚ್ ಆರಕ್ಕಿಂತ ಕೆಳಗೆ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಇ.ಸಿ. ಮೀಟರ್ ಅದ್ದಿದರೆ 0.1 ಕೂಡ ತೋರಿಸುವುದಿಲ್ಲ. ಅನ್ನ, ಸಾರು, ಚಹಾ ಎಲ್ಲಕ್ಕೂ ಇದಕ್ಕಿಂತ ಒಳ್ಳೆಯ ನೀರು ಬೇಡ. ಕೋಲಾರದ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಾದರೆ ಕ್ಯಾಲ್ಸಿಯಂ ತಾನಾಗಿಯೇ ಬರುತ್ತದೆ, ಅಲ್ಲಿಯವರ ಗೊಬ್ಬರದ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಅದೇ ಲೆಕ್ಕವನ್ನು ಇಲ್ಲಿಗೆ ತಂದರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ. ಕೋಕೋಪೀಟ್ ಕಸಿದುಕೊಳ್ಳುತ್ತದೆ, ನೀರಿನಲ್ಲಿ ಬರುವುದಿಲ್ಲ, ಬೀಜದಲ್ಲಿ ಇದ್ದದ್ದು ಮುಗಿದಿದೆ. ಈ ಮೂರೂ ಒಟ್ಟಾಗುವುದು ಹರಿವೆ ಟ್ರೇಯಲ್ಲಿ.

ನಾಲ್ಕು ಡಬ್ಬ

ಸ್ಟ್ಯಾಂಡಿಗೆ ಕೈ ಹಾಕುವ ಮೊದಲು ಏನು ಕೊಡಬೇಕು ಎಂಬುದು ಗೊತ್ತಾಗಬೇಕಿತ್ತು. ಒಂದೇ ಗಾತ್ರದ ನಾಲ್ಕು ಐಸ್‌ಕ್ರೀಮ್ ಡಬ್ಬಗಳಲ್ಲಿ ಒಂದೇ ಪ್ಯಾಕೆಟಿನ ಹರಿವೆ ಬೀಜ ಬಿತ್ತಿ ಅಕ್ಕಪಕ್ಕ ಇಟ್ಟೆ. ಒಂದಕ್ಕೆ ಬರೀ ನೀರು. ಎರಡನೆಯದಕ್ಕೆ ಎಲ್ಲ ಗೊಬ್ಬರದಂಗಡಿಯಲ್ಲೂ ಸಿಗುವ, ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು ಇರುವ 19:19:19, ಲೀಟರಿಗೆ ಅರ್ಧ ಗ್ರಾಂ. ಮೂರನೆಯದರ ಕೋಕೋಪೀಟಿಗೆ ನಾಲ್ಕರಲ್ಲಿ ಒಂದು ಪಾಲು ಎರೆಗೊಬ್ಬರ. ನಾಲ್ಕನೆಯದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಮುಖ್ಯವಾಗಿರುವ ತೆಳು ದ್ರಾವಣ.

ಬರೀ ನೀರಿನ ಡಬ್ಬ ನಿರೀಕ್ಷೆಯಂತೆ ಹಳದಿಯಾಯಿತು. ಎರೆಗೊಬ್ಬರದ್ದು ಒಳ್ಳೆಯ ಬಣ್ಣಕ್ಕೆ ಬಂತು, ಆದರೆ ಒಂದು ಮೂಲೆ ಎತ್ತರ, ಇನ್ನೊಂದು ಮೂಲೆ ಗಿಡ್ಡ. ಕಪ್ಪು ಹುಡಿ ದಂಟಿಗೆ ಅಂಟಿ ತೊಳೆದರೂ ಹೋಗಲಿಲ್ಲ, ಜೊತೆಗೆ ಸಣ್ಣ ಕರಿ ನುಸಿಗಳ ಕಾಟ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 19:19:19ರ ಡಬ್ಬ. ಅದು ತಡವಾಗಿ, ಇನ್ನೇನು ಕತ್ತರಿಸಬೇಕು ಎನ್ನುವಾಗ ಸ್ವಲ್ಪ ಹಸಿರಾಯಿತು. ಪ್ಯಾಕೆಟಿನ ಹಿಂಬದಿ ಓದಿದರೆ ವಿಷಯ ಗೊತ್ತಾಗುತ್ತದೆ. ಅದರಲ್ಲಿರುವ 19 ಪಾಲು ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದೆ, ನೈಟ್ರೇಟ್ ಇರುವುದು ನಾಲ್ಕು ಪಾಲು ಮಾತ್ರ. ಯೂರಿಯಾವನ್ನು ಅಮೋನಿಯಾ ಮಾಡಿ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸ ಸೂಕ್ಷ್ಮಜೀವಿಗಳದ್ದು. ತೋಟದ ಮಣ್ಣಿನಲ್ಲಿ ಅವು ಬೇಕಾದಷ್ಟಿವೆ. ತೊಳೆದ ಕೋಕೋಪೀಟಿನಲ್ಲಿ ಕಡಿಮೆ, ಮತ್ತು ಎರಡು ವಾರದ ಬೆಳೆಗೆ ಅವು ಬೆಳೆದು ಬರುವವರೆಗೆ ಕಾಯಲು ಪುರುಸೊತ್ತಿಲ್ಲ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಯೂರಿಯಾ ಇ.ಸಿ. ಮೀಟರಿಗೆ ಕಾಣುವುದಿಲ್ಲ. ಮೀಟರ್ ಅಳೆಯುವುದು ನೀರಿನಲ್ಲಿರುವ ಲವಣಗಳಿಂದ ಹರಿಯುವ ವಿದ್ಯುತ್ತನ್ನು. ಯೂರಿಯಾ ಕರಗಿದರೂ ಅದಕ್ಕೆ ವಿದ್ಯುದಾವೇಶ ಇಲ್ಲ. ಮೀಟರ್ ಕಡಿಮೆ ತೋರಿಸಿತೆಂದು 19:19:19 ಮತ್ತಷ್ಟು ಸುರಿದರೆ ಗಿಡಕ್ಕೆ ಏನು ಹೋಗುತ್ತಿದೆ ಎಂಬ ಅಂದಾಜೇ ತಪ್ಪಿಹೋಗುತ್ತದೆ. ಅಡಿಕೆ ಬುಡಕ್ಕೆ ಅದು ಒಳ್ಳೆಯ ಗೊಬ್ಬರ. ಟ್ರೇಗೆ ಅಲ್ಲ.

ನಾಲ್ಕನೆಯ ಡಬ್ಬದಲ್ಲಿ ನಿಜವಾದ ಎಲೆ ಬೆರಳಿನ ಉಗುರಿನಷ್ಟಾಗಿ, ನಡುವಿನ ಕೆಂಪು ಅಂಚಿನವರೆಗೆ ಹರಡಿತು. ತೀರ್ಮಾನ ಅಲ್ಲೇ ಆಯಿತು.

ದ್ರಾವಣ

ಎರಡು ಬಾಟ್ಲಿ, ಒಂದೊಂದರಲ್ಲಿ ಒಂದು ಲೀಟರ್ ನೀರು. ‘ಅ’ ಬಾಟ್ಲಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ 50 ಗ್ರಾಂ ಮತ್ತು 12 ಶೇಕಡಾದ ಇಡಿಟಿಎ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿಯುವ ಕಬ್ಬಿಣ) 1 ಗ್ರಾಂ. ‘ಆ’ ಬಾಟ್ಲಿಯಲ್ಲಿ 0:52:34 ಎಂದು ಮಾರುವ ಮೋನೋ ಪೊಟ್ಯಾಶಿಯಂ ಫಾಸ್ಫೇಟ್ 10 ಗ್ರಾಂ ಮತ್ತು ಮೆಗ್ನೀಸಿಯಂ ಸಲ್ಫೇಟ್ 20 ಗ್ರಾಂ. ಬಳಸುವಾಗ ಒಂದು ಲೀಟರ್ ನೀರಿಗೆ ಪ್ರತಿ ಬಾಟ್ಲಿಯಿಂದ 10 ಮಿ.ಲೀ. ಅಂದರೆ 20 ಲೀಟರಿನ ಬಕೆಟಿಗೆ 200 ಮಿ.ಲೀ. ಹಾಗೂ 200 ಮಿ.ಲೀ. ನಮ್ಮ ಬಾವಿ ನೀರಿನಲ್ಲಿ ಇದರ ಇ.ಸಿ. 0.9ರ ಆಸುಪಾಸು ಬರುತ್ತದೆ, ಪಿಎಚ್ 5.5ರಿಂದ 6ರ ನಡುವೆ ನಿಲ್ಲುತ್ತದೆ. ಪಿಎಚ್ ಸರಿ ಮಾಡಲು ಬೇರೇನೂ ಹಾಕುವ ಅಗತ್ಯ ಬೀಳುವುದಿಲ್ಲ.

ಎರಡು ಬಾಟ್ಲಿ ಯಾಕೆ ಎಂದು ನೋಡಬೇಕಾದರೆ ಒಂದು ಗಾಜಿನ ಲೋಟದಲ್ಲಿ ಎರಡನ್ನೂ ನೀರು ಬೆರೆಸದೆ ಸ್ವಲ್ಪ ಸ್ವಲ್ಪ ಸೇರಿಸಿ ನೋಡಿ. ತಿಳಿಯಾಗಿದ್ದದ್ದು ಬೆಳ್ಳಗೆ ಕದಡಿ ಅಡಿಯಲ್ಲಿ ಹುಡಿ ಕೂರುತ್ತದೆ. ಕ್ಯಾಲ್ಸಿಯಂ ಹೋಗಿ ಫಾಸ್ಫೇಟಿಗೆ ಅಂಟಿಕೊಳ್ಳುತ್ತದೆ, ದ್ರಾವಣ ಇನ್ನೂ ಗಾಢವಾಗಿದ್ದರೆ ಸಲ್ಫೇಟಿನ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಹಾಗೆ ಕೂತದ್ದು ಆ ಟ್ರೇಯ ಆಯುಷ್ಯದಲ್ಲಿ ಗಿಡಕ್ಕೆ ಸಿಗುವುದಿಲ್ಲ. ಬಕೆಟ್ ತುಂಬಾ ನೀರು ಇಟ್ಟುಕೊಂಡು, ಮೊದಲು ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕಿದರೆ ಹೀಗಾಗುವುದಿಲ್ಲ.

ಕ್ಯಾಲ್ಸಿಯಂ ನೈಟ್ರೇಟ್ ಬಗ್ಗೆ ನಮ್ಮ ಊರಿನವರಿಗೆ ಒಂದು ಮಾತು. ಇದು ಗಾಳಿಯ ತೇವ ಹೀರುವ ವಸ್ತು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಪ್ಯಾಕೆಟ್ ಬಿಚ್ಚಿ ಇಟ್ಟರೆ ಎರಡೇ ದಿನದಲ್ಲಿ ಗಂಜಿಯಾಗುತ್ತದೆ, ಆಮೇಲೆ ತೂಕದ ಲೆಕ್ಕ ಸಿಗುವುದಿಲ್ಲ. ತಂದ ದಿನವೇ ಅಷ್ಟನ್ನೂ ತೂಗಿ ದ್ರಾವಣ ಮಾಡಿ ಬಾಟ್ಲಿಗೆ ತುಂಬಿಸಿಬಿಡುವುದು ಒಳ್ಳೆಯದು. ‘ಅ’ ಬಾಟ್ಲಿಗೆ ಬೆಳಕು ಬೀಳಬಾರದು, ಇಡಿಟಿಎ ಕಬ್ಬಿಣ ಬೆಳಕಿಗೆ ಕೆಡುತ್ತದೆ. ಕಪ್ಪು ಪ್ಲಾಸ್ಟಿಕ್ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಕೋಕೋಪೀಟಿಗೂ ಮೊದಲೇ ಕ್ಯಾಲ್ಸಿಯಂ ಕುಡಿಸಬೇಕು. 650 ಗ್ರಾಂನ ಒಂದು ಇಟ್ಟಿಗೆಗೆ 5 ಲೀಟರ್ ನೀರು, ಅದರಲ್ಲಿ 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ರಾತ್ರಿ ನೆನೆಹಾಕಿ, ಬೆಳಗ್ಗೆ ಗೋಣಿಯಲ್ಲಿ ಹಿಂಡಿ, ಸಾದಾ ನೀರಲ್ಲಿ ಎರಡು ಸಲ ತೊಳೆದರೆ ಹೊರಬಂದ ಪೊಟ್ಯಾಶ್, ಸೋಡಿಯಂ ಹೋಗುತ್ತವೆ. ಹಿಂಡಿದ ಮೊದಲ ನೀರು ಚಹಾ ಡಿಕಾಕ್ಷನ್ನಿನ ಬಣ್ಣದಲ್ಲಿರುತ್ತದೆ. ಅದನ್ನು ತೆಂಗಿನ ಬುಡಕ್ಕೆ ಹೊಯ್ಯಬಹುದು.

ಸ್ಟ್ಯಾಂಡ್

ಮೇಲಿಂದ ಸ್ಪ್ರೇ ಮಾಡಿದರೆ ಗೊಬ್ಬರ ನೀರು ಎಲೆಯ ಮೇಲೆ ಒಣಗಿ ಬಿಳಿ ಚುಕ್ಕೆ ಉಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಆದ್ದರಿಂದ ಅಡಿಯಿಂದಲೇ ಕುಡಿಸಬೇಕು. ಪಂಪಿನ ಗೊಡವೆ ಬೇಡವೆಂದು ತೀರ್ಮಾನಿಸಿದ್ದೆ. ಗುಡ್ಡದ ಸುರಂಗದಿಂದ ಅಂಗಳದವರೆಗೆ ಅಡಿಕೆ ಮರದ ದಂಬೆಯಲ್ಲಿ ನೀರು ಹರಿಸಿ ತಂದ ಊರಿದು, ಐದು ಅಡಿಯ ಸ್ಟ್ಯಾಂಡಿಗೆ ನೀರು ಇಳಿಸಲು ಕರೆಂಟು ಯಾಕೆ ಬೇಕು?

ರಂಧ್ರದ ಜಿ.ಐ. ಆ್ಯಂಗಲ್‌ನಲ್ಲಿ 4 ಅಡಿ ಉದ್ದ, 1 ಅಡಿ ಅಗಲದ ಮೂರು ಅಂತಸ್ತು. ಪ್ರತಿ ಅಂತಸ್ತಿನಲ್ಲಿ 50 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಎರಡು ಟ್ರೇ ಸಾಲಾಗಿ ಕೂರುತ್ತವೆ, ಮೇಲ್ಗಡೆ ಒಂದಡಿ ಎತ್ತರದಲ್ಲಿ 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್. ತಲೆಯ ಮೇಲೆ ಎರಡು ಬಕೆಟ್, ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಗೊಬ್ಬರ ನೀರು. ತುಂಬಿದ ಬಕೆಟ್ ಒಂದೊಂದೂ 20 ಕಿಲೋ, ಸ್ಟ್ಯಾಂಡ್ ಅಗಲ ಬರೀ ಒಂದಡಿ. ಹಾಗಾಗಿ ಗೋಡೆಗೆ ನಾಲ್ಕು ಕಡೆ ಸ್ಕ್ರೂ ಹಾಕಿ ಬಿಗಿಯಲೇಬೇಕು, ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನಾಳೆಗೆ ಬಿಡಬಾರದು. ಬಕೆಟಿನಿಂದ ಇಳಿಯುವುದಕ್ಕೆ ಅಡಿಕೆ ತೋಟದ ಹನಿ ನೀರಾವರಿಯಲ್ಲಿ ಉಳಿದ 16 ಎಂ.ಎಂ. ಪೈಪೇ ಸಾಕಾಯಿತು. ಪ್ರತಿ ಬಕೆಟಿಗೆ ಒಂದು ಟ್ಯಾಪ್, ಪ್ರತಿ ಟ್ರೇಗೆ ಒಂದು ಟ್ಯಾಪ್. ಟ್ರೇಗಳ ವಯಸ್ಸು ಬೇರೆ ಬೇರೆ ಇರುವುದರಿಂದ ಒಂದಕ್ಕೆ ಸಾದಾ ನೀರು, ಪಕ್ಕದ್ದಕ್ಕೆ ಗೊಬ್ಬರ ನೀರು ಕೊಡಲು ಆಗಬೇಕು.

ನಿಜವಾದ ಕೆಲಸ ಇದ್ದದ್ದು ನೀರು ಹೊರಹೋಗುವ ದಾರಿಯಲ್ಲಿ. ತೂತಿರುವ ಟ್ರೇಯಲ್ಲಿ ಗಿಡ, ಅದರ ಅಡಿಯಲ್ಲಿ ತೂತಿಲ್ಲದ ಟ್ರೇ. ಈ ಅಡಿಯ ಟ್ರೇಯ ಒಂದು ಮೂಲೆಯಲ್ಲಿ ತೂತು ಕೊರೆದು ಹನಿ ನೀರಾವರಿಯ ರಬ್ಬರ್ ಗ್ರೋಮೆಟ್ (ಪೈಪಿನ ಸುತ್ತ ನೀರು ಸೋರದಂತೆ ಹಿಡಿಯುವ ಬಳೆ) ಕೂರಿಸಿ, ಅದರೊಳಗೆ 16 ಎಂ.ಎಂ. ಪೈಪಿನ ತುಂಡನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿದೆ. ತುಂಡು ಟ್ರೇಯ ಒಳಗೆ 1 ಸೆಂ.ಮೀ. ಎದ್ದು ನಿಂತಿರುತ್ತದೆ. ನೀರು ಅಷ್ಟು ಎತ್ತರಕ್ಕೆ ಬಂದ ಕೂಡಲೇ ಬಾಯಿಯಿಂದ ಒಳಗೆ ಬಿದ್ದು ಹೊರಹೋಗುತ್ತದೆ, ಅದಕ್ಕಿಂತ ಮೇಲೆ ಏರುವುದೇ ಇಲ್ಲ. ಅದೇ ತುಂಡಿನ ಮೈಗೆ, ಗ್ರೋಮೆಟಿಗೆ ತಾಗಿದ ಹಾಗೆ, 3 ಎಂ.ಎಂ. ಬಿಟ್‌ನಿಂದ ಇನ್ನೊಂದು ಸಣ್ಣ ತೂತು. ಟ್ಯಾಪ್ ಮುಚ್ಚಿದ ಮೇಲೆ ಉಳಿದ ನೀರು ಈ ತೂತಿನಿಂದ ಕಾಲು ಗಂಟೆಯಲ್ಲಿ ಇಳಿದು ಹೋಗುತ್ತದೆ. ಕೋಕೋಪೀಟ್ ಬೇಕಾದಷ್ಟು ಹೀರಲು ಆ ಕಾಲು ಗಂಟೆ ಸಾಕು, ಬೇರು ನೀರಲ್ಲಿ ನಿಂತು ಕೊಳೆಯುವುದಕ್ಕೆ ಸಮಯ ಸಿಗುವುದಿಲ್ಲ.

ಗ್ರೋಮೆಟಿನ ದಪ್ಪ ಅಂಚು ಟ್ರೇಯ ಒಳಗಿದ್ದರೆ ಅದರ ಎತ್ತರದಷ್ಟು ನೀರು ಅಡಿಯಲ್ಲೇ ಉಳಿಯುತ್ತದೆ. ತಿರುಗಿಸಿ, ದಪ್ಪ ಅಂಚನ್ನು ಹೊರಗೆ ಮಾಡಿ ಹಾಕಬೇಕು. ಎದುರು ತುದಿಯ ಅಡಿಗೆ ಅರ್ಧ ಸೆಂ.ಮೀ. ದಪ್ಪದ ರೀಪಿನ ಚೂರು ಇಟ್ಟರೆ ಟ್ರೇ ಗ್ರೋಮೆಟಿನ ಕಡೆಗೆ ವಾಲಿ, ಕೊನೆಯ ಗುಟುಕೂ ಇಳಿಯುತ್ತದೆ. ಕೋಕೋಪೀಟಿನ ನಾರು ಬಂದು 3 ಎಂ.ಎಂ. ತೂತು ಕಟ್ಟದ ಹಾಗೆ ತುಂಡಿಗೆ ಸೊಳ್ಳೆ ಪರದೆಯ ಬಟ್ಟೆ ಒಂದು ಸುತ್ತು ಸುತ್ತಿ ದಾರ ಕಟ್ಟಿದ್ದೇನೆ.

ಇಳಿದ ನೀರನ್ನು ಮತ್ತೆ ಮೇಲಿನ ಬಕೆಟಿಗೆ ಹಾಕುವ ಪದ್ಧತಿ ಇದೆ. ನಾನು ಹಾಕುವುದಿಲ್ಲ. ಒಂದು ಟ್ರೇಯಲ್ಲಿ ಬುಡ ಕೊಳೆಯುವ ರೋಗ ಬಂದರೆ ಆ ನೀರಿನ ಮೂಲಕ ಆರೂ ಟ್ರೇಗೆ ದಾಟುತ್ತದೆ. ನಮ್ಮಲ್ಲಿ ಅದು ಪೈಪಿನಲ್ಲಿ ಹೊರಗೆ ಹೋಗಿ ಬಸಳೆ ಚಪ್ಪರದ ಬುಡಕ್ಕೆ ಬೀಳುತ್ತದೆ. ಬಸಳೆ ಅದನ್ನು ಒಂದು ಹನಿಯೂ ಬಿಡದೆ ಉಪಯೋಗಿಸಿಕೊಂಡಿದೆ ಎಂಬುದು ಎಲೆ ನೋಡಿದರೆ ಗೊತ್ತಾಗುತ್ತದೆ.

ಯಾವಾಗ, ಎಷ್ಟು

ಬಿತ್ತಿದ ದಿನದಿಂದ ಬೀಜದೆಲೆ ಪೂರ್ತಿ ಬಿಚ್ಚುವವರೆಗೆ ಸಾದಾ ನೀರು ಮಾತ್ರ. ಕತ್ತಲಲ್ಲಿ ಇಟ್ಟ ಮೊಳಕೆಗೆ ಗೊಬ್ಬರ ಕೊಟ್ಟರೆ ಅದು ಉಪಯೋಗಿಸಿಕೊಳ್ಳುವುದಿಲ್ಲ, ಬೂಷ್ಟಿಗೆ ಅನುಕೂಲ ಅಷ್ಟೆ. ಬೆಳಕಿಗೆ ತಂದು, ಬೀಜದೆಲೆ ಬಣ್ಣ ಹಿಡಿದ ಮೇಲೆ ಅರ್ಧ ಪ್ರಮಾಣದಲ್ಲಿ ಶುರು, ಅಂದರೆ ಲೀಟರಿಗೆ 5 ಮಿ.ಲೀ. ಮತ್ತು 5 ಮಿ.ಲೀ. ನಡುವಿನಿಂದ ನಿಜವಾದ ಎಲೆಯ ಮೂತಿ ಕಂಡ ಕೂಡಲೇ ಪೂರ್ತಿ ಪ್ರಮಾಣ, ದಿನಕ್ಕೊಂದು ಸಲ, ಬೆಳಗ್ಗೆ. ಮಳೆ ಹಿಡಿದ ದಿನಗಳಲ್ಲಿ ಟ್ರೇಯನ್ನು ಒಂದು ತುದಿಯಲ್ಲಿ ಎತ್ತಿ ನೋಡುತ್ತೇನೆ. ಭಾರ ಇದ್ದರೆ ಆ ದಿನ ಏನೂ ಇಲ್ಲ.

ಕಟಾವಿಗೆ ಎರಡು ದಿನ ಮೊದಲು ಮತ್ತೆ ಸಾದಾ ನೀರಿಗೆ ಬರಬೇಕು. ಎಲೆಯಲ್ಲಿ ಉಳಿದ ನೈಟ್ರೇಟನ್ನು ಗಿಡ ತನ್ನ ಮೈಗೆ ಹಚ್ಚಿಕೊಳ್ಳಲು ಸಮಯ ಬೇಕು, ಅದಕ್ಕೆ ಬೆಳಕೂ ಬೇಕು. ಬೆಳಕು ಕಡಿಮೆ ಇದ್ದಾಗ ಸೊಪ್ಪಿನಲ್ಲಿ ನೈಟ್ರೇಟ್ ಹೆಚ್ಚು ಕೂಡಿಕೊಳ್ಳುತ್ತದೆ. ಕರೆಂಟ್ ಹೋಗಿ ಟ್ಯೂಬ್ ಉರಿಯದ ದಿನ ಗೊಬ್ಬರವೂ ರಜೆ.

ವಾರಕ್ಕೊಮ್ಮೆ, ಟ್ರೇಯಿಂದ ಇಳಿದು ಬಂದ ನೀರನ್ನು ಒಂದು ಲೋಟದಲ್ಲಿ ಹಿಡಿದು ಇ.ಸಿ. ನೋಡುವುದು ಉಪಯುಕ್ತ. ಒಳಗೆ ಹೋದದ್ದು 0.9, ಹೊರಬಂದದ್ದು 1.5ಕ್ಕಿಂತ ಮೇಲೆ ಎಂದಾದರೆ ಲವಣ ಕೂಡಿಕೊಳ್ಳುತ್ತಿದೆ. ಎಲೆಯಂಚು ಕಂದಾಗುವುದಕ್ಕೆ ಮೊದಲೇ ಸಾದಾ ನೀರಿನಲ್ಲಿ ಎರಡು ಸಲ ತುಂಬಿಸಿ ಇಳಿಸಿದರೆ ಸರಿಹೋಗುತ್ತದೆ.

ಹೆಚ್ಚು ಕೊಟ್ಟರೆ ಹೆಚ್ಚು ಬರುತ್ತದೆ ಎಂಬ ಆಸೆ ಇಲ್ಲಿ ನಡೆಯುವುದಿಲ್ಲ. ಸಾರಜನಕ ಏರಿದರೆ ದಂಟು ಉದ್ದವಾಗಿ, ಸೊರಗಿ, ಕಟಾವಿನ ಹಿಂದಿನ ರಾತ್ರಿ ಟ್ರೇಯ ನಡುಭಾಗ ಮಲಗಿಬಿಡುತ್ತದೆ. ಕ್ಯಾಲ್ಸಿಯಂ ಮಾತ್ರ ಬೇರೆ ರೀತಿ. ಅದು ಜೀವಕೋಶದ ಗೋಡೆ ಗಟ್ಟಿ ಮಾಡುವ ವಸ್ತು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಬ್ರೊಕೋಲಿ ಮೈಕ್ರೋಗ್ರೀನ್‌ಗೆ ಕಟಾವಿಗೆ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸಿದಾಗ ಇಳುವರಿಯೂ ಹೆಚ್ಚಿತು, ಕತ್ತರಿಸಿದ ಮೇಲಿನ ಬಾಳಿಕೆಯೂ ಹೆಚ್ಚಿತು. ನಮ್ಮ ಹರಿವೆಯೂ ಈಗ ಮಂಗಳೂರಿಗೆ ತಲುಪುವಾಗ ತಲೆ ಎತ್ತಿಕೊಂಡೇ ಇರುತ್ತದೆ.

ಜೀವಾಮೃತ ಯಾಕಲ್ಲ

ಸ್ಟ್ಯಾಂಡ್ ನೋಡಲು ಬಂದ ಭಾವ ಮೊದಲು ಕೇಳಿದ್ದೇ ಇದು: ‘ರಜ ಜೀವಾಮೃತ ಹಾಕಿರೆ ಆಗದೋ ಭಾವ?’ ಅವರ ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ದನಗಳಿವೆ, ತೋಟ ಪೂರ್ತಿ ಸೆಗಣಿ, ಗಂಜಲ ಕೊಳೆಸಿ ಮಾಡುವ ಆ ಜೀವಾಮೃತದಲ್ಲೇ ನಡೆಯುತ್ತದೆ. ಪ್ರಶ್ನೆ ಸಣ್ಣದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು 2000ರವರೆಗೂ ಕಂಡ ನೆಲ ಇದು. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಅದರ ನೋವು ಇನ್ನೂ ಇದೆ. ಪ್ಯಾಕೆಟಿನಲ್ಲಿ ಬಂದ ಬಿಳಿ ಹುಡಿ ಎಂದರೆ ನಮ್ಮವರು ಒಮ್ಮೆ ನಿಂತು ಯೋಚಿಸುವುದು ಸರಿಯಾದ ಅಭ್ಯಾಸ, ಅದು ಹಾಗೆಯೇ ಇರಬೇಕು.

ಆದರೆ ಕ್ಯಾಲ್ಸಿಯಂ ನೈಟ್ರೇಟ್ ಕೀಟನಾಶಕವಲ್ಲ. ಮಣ್ಣಿನಲ್ಲಿ ಹಟ್ಟಿಗೊಬ್ಬರ ಕರಗಿ ಕೊನೆಗೆ ಬೇರಿಗೆ ಸಿಗುವುದೂ ಹೆಚ್ಚಾಗಿ ಇದೇ ನೈಟ್ರೇಟ್. ಇನ್ನೊಂದು ಕಡೆಯಿಂದ ನೋಡಿದರೆ ಮೈಕ್ರೋಗ್ರೀನನ್ನು ಹಸಿಯಾಗಿ ತಿನ್ನುತ್ತಾರೆ. ಬೆಂಕಿ ಕಾಣದ ಆಹಾರ. ಸೆಗಣಿಯಲ್ಲಿ ಇ.ಕೋಲೈ, ಸಾಲ್ಮೊನೆಲ್ಲಾ ಇರುವ ಸಾಧ್ಯತೆ ಯಾವಾಗಲೂ ಉಂಟು. ಅಮೆರಿಕದ ಸಾವಯವ ನಿಯಮದಲ್ಲೇ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿ ಕಟಾವಿಗೆ ಕನಿಷ್ಠ 120 ದಿನ ಅಂತರ ಇರಬೇಕು ಎಂದಿದೆ. ನಮ್ಮದು ಎರಡು ವಾರದ ಬೆಳೆ, ಕೋಕೋಪೀಟಿನಿಂದ ಸ್ವಲ್ಪವೇ ಮೇಲೆ ಕತ್ತರಿ ಓಡುತ್ತದೆ. ಬಸಳೆಗೆ ಜೀವಾಮೃತ ಕೊಡಿ, ಬೇಯಿಸಿಯೇ ತಿನ್ನುತ್ತೇವೆ. ಟ್ರೇಗೆ ಬೇಡ. ಭಾವನಿಗೂ ಇದನ್ನೇ ಹೇಳಿದೆ, ಅವರು ಒಪ್ಪಿದರು.

ಪ್ಯಾಕೆಟಿನ ಗೊಬ್ಬರ ಬೇಡವೇ ಬೇಡ ಎನ್ನುವವರಿಗೆ ತೆಂಗಿನ ಗರಿಯ ಎರೆಗೊಬ್ಬರ ಇದೆ. ಸಿಪಿಸಿಆರ್‌ಐಯವರು ಯೂಡ್ರಿಲಸ್ ಜಾತಿಯ ಸ್ಥಳೀಯ ಎರೆಹುಳದಿಂದ ಗರಿಯನ್ನು ಗೊಬ್ಬರ ಮಾಡುವ ವಿಧಾನ ರೂಪಿಸಿದ್ದಾರೆ. ಪೂರ್ತಿ ಕಳಿತದ್ದನ್ನು ಸೋಸಿ, ಟ್ರೇಯ ಅಡಿಪದರಕ್ಕೆ ಮಾತ್ರ ಹಾಕಿ, ಮೇಲೆ ಒಂದು ಬೆರಳು ದಪ್ಪ ಶುದ್ಧ ಕೋಕೋಪೀಟ್ ಹರಡಿ ಬಿತ್ತಿದರೆ ಹುಡಿ ದಂಟಿಗೆ ಅಂಟುವುದು ತಪ್ಪುತ್ತದೆ. ಆ ಗೊಬ್ಬರದ ತಯಾರಿಯಲ್ಲೂ ಸೆಗಣಿ ಬಳಸುತ್ತಾರೆ, ಆದ್ದರಿಂದ ಅರೆ ಕಳಿತದ್ದನ್ನು ಮುಟ್ಟಬೇಡಿ. ಬಣ್ಣ ಬರುತ್ತದೆ, ಟ್ರೇಯಿಂದ ಟ್ರೇಗೆ ಒಂದೇ ಸಮ ಬರುವುದಿಲ್ಲ. ಮನೆ ಖರ್ಚಿಗೆ ಅದು ಸಾಕು.

ಈಗ ನಡೆಯುತ್ತಿರುವುದು

ಪ್ರತಿ ಕಟಾವಿನ ನಂತರ ಟ್ರೇಗಳನ್ನು ಸಾಬೂನಿನಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ಬಿಸಿಲಿಗೆ ಮಗುಚಿ ಹಾಕುತ್ತೇವೆ. ಗೊಬ್ಬರ ನೀರಿನ ಬಕೆಟಿಗೆ ಮುಚ್ಚಳ ಇರಲೇಬೇಕು, ಬೆಳಕು ಬಿದ್ದರೆ ಒಳಗೆ ಹಸಿರು ಪಾಚಿ. ಪೈಪುಗಳೂ ಕಪ್ಪು ಬಣ್ಣದವೇ ಆಗಬೇಕು.

ಇದೇ ದ್ರಾವಣವನ್ನು ಬೀಟ್‌ರೂಟ್, ಕೊತ್ತಂಬರಿ, ಕಾಮಕಸ್ತೂರಿಗೂ ಪೂರ್ತಿ ಪ್ರಮಾಣದಲ್ಲಿ ಕೊಡುತ್ತಿದ್ದೇನೆ. ನಿಧಾನವಾಗಿ ಬೆಳೆಯುವ ಇವಕ್ಕೆ ಇದು ಹಿಡಿಸಿದೆ. ಸಾಸಿವೆ, ಮೂಲಂಗಿಗೆ ಬೇಕಿದ್ದರೆ ಅರ್ಧ ಪ್ರಮಾಣ ಒಂದೆರಡು ಸಲ, ಕೊಡದಿದ್ದರೂ ನಡೆಯುತ್ತದೆ. ಸೂರ್ಯಕಾಂತಿಗೆ ಏನೂ ಬೇಡ. ಬೀಜ ತರುವಾಗ ಗುಲಾಬಿ ಬಣ್ಣ ಹಚ್ಚಿದ್ದನ್ನು ತರಬೇಡಿ, ಅದು ಹೊಲಕ್ಕೆ ಬಿತ್ತಲೆಂದು ಶಿಲೀಂಧ್ರನಾಶಕ ಲೇಪಿಸಿದ ಬೀಜ. ಮೆಂತೆಯ ಟ್ರೇ ಈಗಷ್ಟೇ ಬೆಳಕಿಗೆ ಬಂದಿದೆ. ಅದರಲ್ಲಿ ಅರ್ಧ ಭಾಗಕ್ಕೆ ಸಾದಾ ನೀರು, ಇನ್ನರ್ಧಕ್ಕೆ ಗೊಬ್ಬರ ನೀರು ಹೋಗುವ ಹಾಗೆ ನಡುವೆ ಅಕ್ರಿಲಿಕ್ ಪಟ್ಟಿ ಅಂಟಿಸಿ ಎರಡು ಗ್ರೋಮೆಟ್ ಹಾಕಿದ್ದೇನೆ.